ಅಕ್ಕನನ್ನು ಪಾಸು ಮಾಡಿಸಿದ್ದು

ಮೂವತ್ತಾರು ವರ್ಷ ತುಮಕೂರಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು ನಾನು. ಒಂದು ದಿನವೂ ಪ್ರಶ್ನೆಪತ್ರಿಕೆ ಬಯಲು ಮಾಡಿದವನಲ್ಲ. ಆ ಪಾಪವನ್ನು ನಿವೃತ್ತನಾದ ಮೇಲೆ ಮಾಡಿದೆ. ಅದೂ ಸ್ವಂತ ಅಕ್ಕನಿಗಾಗಿ, ಅದೂ ನೆನಪಿನ ಪರೀಕ್ಷೆಯ ಪತ್ರಿಕೆಯನ್ನು. ನಿಮ್ಮ ಹತ್ತಿರ ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಅಂತ ಹೇಳುತ್ತಿದ್ದೇನೆ, ನಗಬೇಡಿ. ಅಥವಾ ನಕ್ಕೇಬಿಡಿ, ಮರಳೂರಿನ ನಮ್ಮ ಬೀದಿಯವರೆಲ್ಲ ಆಗಲೇ ನಕ್ಕಾಗಿದೆ.

ವಯಸ್ಸಾದವರ ಬುದ್ಧಿ ಯಾಕೆ ಮಂಕಾಗುತ್ತದೆ, ಅದಕ್ಕೆ ದೇಹದೊಳಗಿನ ಕಾರಣಗಳೇನು ಎಂದು ಹುಡುಕುವ ಸಂಶೋಧಕರ ತಂಡವೊಂದು ನಮ್ಮ ಜಿಲ್ಲೆಯ ಊರೂರು ಸುತ್ತುತ್ತಿತ್ತು. ಮೊದಲು ಕುಣಿಗಲ್‌ಗೆ ಬಂದರು. ಅದು ನನ್ನ ಹೆಂಡತಿಯ ತವರು. ಆಗ ನಾವೂ ಅಲ್ಲಿಗೆ ಹೋಗಿದ್ದೆವು. ಪರೀಕ್ಷೆ ಅಂದರೆ ಸಾಕು, ಈ ವಯಸ್ಸಿನಲ್ಲೂ ನನಗೆ ಕೈ ತುರಿಸುತ್ತದೆ, ಹೋಗಿ ಕೂತೆ. ಇವತ್ತು ಯಾವ ವಾರ, ತಾರೀಖು ಎಷ್ಟು, ನೂರರಲ್ಲಿ ಏಳು ಕಳೆಯಿರಿ, ಮತ್ತೆ ಏಳು ಕಳೆಯಿರಿ, ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ. ಕೊನೆಯಲ್ಲಿ ಕೇಳುತ್ತೇವೆ, ನೆನಪಿಟ್ಟುಕೊಂಡಿರಿ ಎಂದು ಮೂರು ಪದ ಕೊಟ್ಟರು: ಸೌತೆಕಾಯಿ, ಬಾಗಿಲು, ರೈಲು. ನಾನು ಪಾಸಾದೆ. ಹೆಂಡತಿ ಮಾತ್ರ ಆ ಫಲಿತಾಂಶವನ್ನು ನಂಬಲಿಲ್ಲ. ಹಿಂದಿನ ದಿನವಷ್ಟೇ ನಾನು ಹಾಲಿಗೆ ದುಡ್ಡು ಕೊಟ್ಟು, ಹಾಲನ್ನು ಅಂಗಡಿಯಲ್ಲೇ ಬಿಟ್ಟು, ಚಿಲ್ಲರೆಯನ್ನು ಜೋಪಾನವಾಗಿ ತಂದಿದ್ದೆ.

ಮುಂದಿನ ವಾರ ಅದೇ ತಂಡ ಗುಬ್ಬಿ ಹತ್ತಿರದ ನನ್ನಕ್ಕ ಗಂಗಮ್ಮನ ಊರಿಗೆ ಬರುತ್ತದೆಂದು ತಿಳಿಯಿತು. ಅಕ್ಕನಿಗೆ ಎಪ್ಪತ್ತೆರಡು. ಮಗ, ಸೊಸೆಯ ಜೊತೆ ಇದ್ದಾಳೆ. ಒಂದು ವರ್ಷದಿಂದ ಅವಳು ಅವಳಾಗಿರಲಿಲ್ಲ. ಹಗಲೆಲ್ಲ ತೂಕಡಿಕೆ. ಮಾತಾಡುತ್ತಾ ಮಾತಾಡುತ್ತಾ ಮಾತೇ ಕಳೆದುಹೋಗುತ್ತಿತ್ತು. ಮುದ್ದೆ ತಿರುವುತ್ತಿದ್ದವಳು ಕೋಲು ಹಿಡಿದು ಹಾಗೇ ನಿಂತುಬಿಡುತ್ತಿದ್ದಳು. ಅತ್ತೆಗೆ ಅರಳುಮರಳು ಎಂದಳು ಸೊಸೆ; ಊರೂ ಹೌದೆಂದಿತು.

ಈ ಅರಳುಮರಳು ಅನ್ನುವ ಮಾತು ಎಷ್ಟು ಅನುಕೂಲದ್ದು ನೋಡಿ! ಅಷ್ಟು ಅಂದುಬಿಟ್ಟರೆ ಮುಂದೆ ಯಾರೂ ಏನೂ ಮಾಡಬೇಕಾಗಿಲ್ಲ. ನಾನಾದರೂ ಏನು ಕಡಿಮೆ? ಬೋರ್ಡಿನ ಮೇಲೆ ಮಿದುಳಿನ ಚಿತ್ರ ಬರೆದು, ನೆನಪು ಇಲ್ಲಿರುತ್ತದೆ ಎಂದು ಕೋಲಿನಿಂದ ತೋರಿಸಿಕೊಂಡು ಸಂಬಳ ಎಣಿಸಿದವನು. ಆ ನೆನಪು ಕೆಡುವುದಕ್ಕೆ ಕಾರಣ ಅಲ್ಲಿಂದ ಒಂದು ಗೇಣು ಕೆಳಗೆ ಕತ್ತಿನಲ್ಲಿರಬಹುದು, ಇನ್ನೂ ಕೆಳಗೆ ಹೊಟ್ಟೆಯಲ್ಲಿರಬಹುದು ಎಂಬುದು ನನಗೆ ಹೊಳೆಯಲೇ ಇಲ್ಲ. ನನ್ನ ಚಿಂತೆಯೆಲ್ಲ ಮಾನದ್ದು. ಊರವರ ಮುಂದೆ ನನ್ನಕ್ಕ ಫೇಲಾಗಬಾರದು, ಅಷ್ಟೆ.

ಹಿಂದಿನ ದಿನವೇ ಹೋಗಿ ಟ್ಯೂಷನ್ ಶುರು ಮಾಡಿದೆ.

"ಸೌತೆಕಾಯಿ ಹಿಡ್ಕೊ, ಬಾಗಿಲು ದಾಟು, ರೈಲು ಹತ್ತು. ಹೇಳಕ್ಕ."

"ಎಲ್ಲಿಗ್ಲಾ ಹೋಗ್ಬೇಕು ಆ ರೈಲಲ್ಲಿ?"

"ಎಲ್ಲಿಗೂ ಬೇಡ ಕಣಕ್ಕ, ಹೇಳಿದ್ರೆ ಸಾಕು."

"ಎಲ್ಲಿಗೂ ಹೋಗಂಗಿಲ್ಲ ಅಂದ್ಮೇಲೆ ಸೌತೆಕಾಯಿ ಯಾಕ್ಲಾ? ಬುಡು ಅತ್ಲಾಗೆ."

ಇವಳ ಬುದ್ಧಿ ಮಂಕಾಗಿದೆ ಅಂದವರು ಯಾರು ಎಂದು ನನಗೇ ಅನುಮಾನವಾಯಿತು. ಆದರೂ ಬಿಡಲಿಲ್ಲ. ಸಂಜೆಯವರೆಗೆ ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದೆ. ಗಡಿಯಾರವನ್ನು ರಂಗೋಲಿಯಂತೆ ಬರೆಸಿ ಬರೆಸಿ ರೂಢಿ ಮಾಡಿಸಿದೆ. ವಾರ, ತಾರೀಖುಗಳನ್ನು ಬೆಳಗ್ಗೆ ಹೊರಡುವಾಗ ಬಿಸಿಬಿಸಿಯಾಗಿ ತುಂಬಿದೆ.

ಪರೀಕ್ಷೆ ನಡೆದದ್ದು ಊರಿನ ಸಮುದಾಯ ಭವನದಲ್ಲಿ. ರೇಖಾ ಎಂಬ ಚುರುಕು ಡಾಕ್ಟರು ಕೇಳುತ್ತಾ ಹೋದಳು, ಅಕ್ಕ ಪಟಪಟನೆ ಒಪ್ಪಿಸಿದಳು. "ಅಜ್ಜಿ, ಸೂಪರ್! ಮಾರ್ಕ್ಸ್ ಕಮ್ಮಿ ಬಂದೋರಿಗೆ ಮಾತ್ರ ಬ್ಲಡ್ ಟೆಸ್ಟು. ನೀವು ಆರಾಮಾಗಿ ಮನೆಗೆ ಹೋಗಿ" ಎಂದಳು. ನನ್ನ ಎದೆ ಉಬ್ಬಿತು. ಈಗಲೂ ಮಕ್ಕಳನ್ನು ದಡ ಹತ್ತಿಸುವ ಕೈ ಇದು ಎಂದುಕೊಂಡೆ.

ಹೊರಗೆ ಬಂದೆವು. ಭವನದಿಂದ ಅಕ್ಕನ ಮನೆಗೆ ಒಂದೇ ಬೀದಿ. ಮದುವೆಯಾಗಿ ಬಂದಾಗಿನಿಂದ ಅವಳು ಓಡಾಡಿದ ಬೀದಿ. ಮೆಟ್ಟಿಲ ಮೇಲೆ ನಿಂತು ಆ ಕಡೆ ಈ ಕಡೆ ನೋಡಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ಲೋ ಶಂಕ್ರ, ನಮ್ಮನೆ ಯಾವ್ ಕಡೆಗ್ಲಾ?"

ನನಗೆ ನಿಜವಾಗಿಯೂ ಭಯವಾಯಿತು. ಒಂದು ಗಳಿಗೆ, ಏನೂ ಆಗದವನಂತೆ ಅವಳನ್ನು ಮನೆಗೆ ಕರೆದುಕೊಂಡು ಹೋಗಿಬಿಡೋಣ ಅನ್ನಿಸಿದ್ದೂ ಉಂಟು. ಸುಳ್ಳು ಯಾಕೆ ಹೇಳಲಿ? ಒಳಗೆ ಅರ್ಧ ಊರೇ ಕೂತಿತ್ತು. ಆದರೆ ಅವಳು ಕೈ ಬಿಡಲಿಲ್ಲ, ಹಾಗೇ ಹಿಡಿದುಕೊಂಡು ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಅವಳನ್ನು ಕರೆದುಕೊಂಡೇ ಒಳಗೆ ಹೋದೆ.

"ಡಾಕ್ಟ್ರೇ, ನಾನು ಕಾಪಿ ಹೊಡೆಸಿದೀನಿ. ಕುಣಿಗಲ್‌ನಲ್ಲಿ ನಿಮ್ಮ ಪೇಪರ್ ನೋಡ್ಕೊಂಡು ಬಂದು ಇವಳಿಗೆ ಬಾಯಿಪಾಠ ಮಾಡ್ಸಿದೀನಿ."

ಭವನಕ್ಕೆ ಭವನವೇ ಗೊಳ್ಳೆಂದಿತು. ರೇಖಾ ನಗಲಿಲ್ಲ. "ಸರ್, ನಾವು ಬಂದಿರೋದೇ ತಪ್ಪು ಉತ್ತರ ಹುಡ್ಕೊಂಡು. ಅದನ್ನೇ ನೀವು ತಿದ್ದಿ ಕಳ್ಸಿದ್ರೆ ಕಾಯಿಲೆ ನಮ್ಗೆ ಹೇಗೆ ಸಿಗುತ್ತೆ?" ಎಂದಳು. ಮೂವತ್ತಾರು ವರ್ಷದ ಸರ್ವೀಸಿನಲ್ಲಿ ಯಾವ ಶಾಲಾ ಇನ್‌ಸ್ಪೆಕ್ಟರೂ ನನಗೆ ಹಾಗೆ ಪಾಠ ಹೇಳಿರಲಿಲ್ಲ.

ಬೇರೆ ಪತ್ರಿಕೆ ತೆಗೆದಳು. ಹೊಸ ಮೂರು ಪದ. ಅಕ್ಕನಿಗೆ ಒಂದೂ ನೆನಪಿಗೆ ಬರಲಿಲ್ಲ. ಸೌತೆಕಾಯಿ ಎಂದಳು, ನನ್ನ ಮುಖ ನೋಡಿದಳು, ನಾನು ತಲೆ ತಗ್ಗಿಸಿದೆ. "ಎಲ್ರ ಮುಂದೆ ಫೇಲ್ ಮಾಡಿಸ್ಬುಟ್ಯಲ್ಲೋ ನನ್ನ" ಎಂದಳು. ಆದರೆ ಅವಳ ರಕ್ತ ತೆಗೆದುಕೊಂಡರು.

ವರದಿ ಬಂತು. ಅಕ್ಕನ ಕತ್ತಿನ ಥೈರಾಯ್ಡ್ ಗ್ರಂಥಿ ಸೋತು ಕೂತಿತ್ತು. ಜೊತೆಗೆ ಹೊಟ್ಟೆ ಹೀರಿಕೊಳ್ಳಬೇಕಾದ ವಿಟಮಿನ್ ಒಂದು ಕಮ್ಮಿ. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಪುಟ್ಟ ಮಾತ್ರೆ, ಕೆಲವು ಇಂಜೆಕ್ಷನ್ನು. "ಎಲ್ಲರ ಮರೆವಿಗೂ ಹೀಗೆ ಔಷಧಿ ಇಲ್ಲ ಸರ್. ಅದಕ್ಕೇ ಇನ್ನೂ ಹುಡುಕ್ತಾ ಇದೀವಿ" ಎಂದಳು ರೇಖಾ ಫೋನಿನಲ್ಲಿ. ನಮ್ಮಕ್ಕನದು ಅದೃಷ್ಟ. ಆ ಅದೃಷ್ಟಕ್ಕೆ ನಾನು ಹೊರಗಿನಿಂದ ಚಿಲಕ ಹಾಕಿಬಿಡುತ್ತಿದ್ದೆ.

ಅಕ್ಕ ತಿಂಗಳು ತಿಂಗಳಿಗೆ ಇಷ್ಟಿಷ್ಟೇ ವಾಪಸು ಬಂದಳು. ಮೊದಲು ತೂಕಡಿಕೆ ಹೋಯಿತು, ಆಮೇಲೆ ಸೊಸೆಯ ತಪ್ಪುಗಳು ಕಾಣತೊಡಗಿದವು. ಮೊನ್ನೆ ಗುಬ್ಬಿಯಲ್ಲಿ ಬಸ್ಸು ಹತ್ತಿ ಒಬ್ಬಳೇ ನಮ್ಮ ಮನೆಗೆ ಬಂದಿದ್ದಳು. ಪಕ್ಕದ ಮನೆಯವರು ಕಾಫಿಗೆ ಕೂತಿದ್ದರು. ಅವರೆಲ್ಲರ ಮುಂದೆ ಅಕ್ಕ, ನಾನು ಒಂದನೇ ಕ್ಲಾಸಿನಲ್ಲಿದ್ದಾಗ ದೇವರಾಯನದುರ್ಗದ ಬೆಟ್ಟದಲ್ಲಿ ಕೋತಿಗೆ ಹೆದರಿ ಚಡ್ಡಿ ಒದ್ದೆ ಮಾಡಿಕೊಂಡ ಕಥೆ ತೆಗೆದಳು. ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಾನ ಮೂರು ಕಾಸಿಗೆ ಹೋಗುತ್ತಿತ್ತು. ನಾನು ಇನ್ನಷ್ಟು ಹತ್ತಿರ ಕೂತೆ.

"ಚಡ್ಡಿ ಯಾವ ಬಣ್ಣದ್ದಕ್ಕ?"

"ಹಸಿರು ಪಟ್ಟೆದು ಕಣೋ. ಮರ್ತೋಯ್ತೇನ್ಲಾ ನಿಂಗೆ?"

ಮರೆತಿರಲಿಲ್ಲ. ಉತ್ತರ ಸರಿಯಾಗಿತ್ತು. ಈ ಸಲ ಯಾರೂ ಹೇಳಿಕೊಟ್ಟಿರಲಿಲ್ಲ.