ನಂದಿ ಮರದ ಕುರ್ಚಿ

ಬೆಳಗಾವಿಯಲ್ಲಿ ಸನ್ಮಾನ ಎಂದರೆ ಶಾಲು, ಹಣ್ಣಿನ ಬುಟ್ಟಿ, ಮತ್ತೆ ಯಾರದೋ ಮುಗಿಯದ ಭಾಷಣ. ಶೀತಲ ಚೌಗುಲಾ ಅವರಿಗೆ ಇಡೀ ವಾರ ಅದೇ ಆಗಿತ್ತು. ಕಾಡು ಉಳಿಸುವ ವಿದ್ಯೆ ಕಲಿತು, ಕಲಿಸಿ, ಖಾನಾಪುರದ ಕಾಡಂಚಿನ ಹಳ್ಳಿಗಳಿಗೆ ಅಲೆದು ಕಾಲು ಸವೆಸಿದ ಮನುಷ್ಯ ನಿವೃತ್ತರಾಗುತ್ತಿದ್ದಾರೆ ಎಂದು ಎಲ್ಲರಿಗೂ ಉಮೇದು; ಅವರೊಬ್ಬರಿಗೇ ಇಲ್ಲ. ವೇದಿಕೆಯ ಮೇಲೆ ಹೊಗಳಿದವರಲ್ಲಿ ಅರ್ಧ ಜನ, ಅವರು ಅರ್ಜಿ ಹಿಡಿದು ಹೋದಾಗ ಊಟದ ನೆಪ ಹೇಳಿ ಎದ್ದುಹೋದವರು. ಶೀತಲರಿಗೆ ಸಿಟ್ಟೂ ಬರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಕಸುವು ಬೇಕಲ್ಲ. ಸದಾಶಿವನಗರದ ಮನೆಯಲ್ಲಿ ಕಾಲು ಚಾಚಿ ಮಲಗಿದರೆ ಸಾಕಾಗಿತ್ತು.

ಇನ್ನೊಂದು ಸನ್ಮಾನ ಬಾಕಿ ಇತ್ತು, ಅದಕ್ಕೆ ಒಲ್ಲೆ ಎನ್ನುವಂತಿರಲಿಲ್ಲ. ಕರೆದವಳು ಮಾಯವ್ವ, ಖಾನಾಪುರದಾಚೆಯ ಊರೊಂದರ ದೇವಿಬನ ಕಾಯುವ ಮುದುಕಿ. ಆ ಬನದಿಂದ ಒಣಗಿದ ಎಲೆಯನ್ನೂ ಯಾರೂ ಮನೆಗೆ ಒಯ್ಯುವುದಿಲ್ಲ. ಏನಾದರೂ ತೀರಾ ಬೇಕಾದರೆ ದೇವಿಯ ಮೂರ್ತಿಯ ಎರಡೂ ಬದಿಗೆ ಹೂ ಅಂಟಿಸಿ ಕಾಯಬೇಕು. ಬಲದ ಹೂ ಬಿದ್ದರೆ ಒಪ್ಪಿಗೆ. ರಸ್ತೆ ಮಾಡುವವರು ಬಂದಾಗ, ಕಟ್ಟಿಗೆ ವ್ಯಾಪಾರಿಗಳು ಬಂದಾಗ, ಊರನ್ನು ಈ ನೇಮದ ಬೆನ್ನಿಗೆ ನಿಲ್ಲಿಸಿದವರು ಶೀತಲ. ಇಷ್ಟು ವರ್ಷ ದುಡಿದದ್ದರಲ್ಲಿ ಕೈಗೆ ಹತ್ತಿದ್ದು ಇದೊಂದೇ ಬನ ಎಂದು ಅವರು ನಂಬಿದ್ದರು. ಇದು ಊರಿನ ಕೈಯಲ್ಲಿ ಗಟ್ಟಿಯಾಗಿ ಉಳಿದಿದೆ ಎಂದು ಕಣ್ಣಾರೆ ಕಂಡುಬಿಟ್ಟರೆ ನಿಶ್ಚಿಂತೆಯಿಂದ ಮನೆ ಸೇರಬಹುದು. ಮೊಣಕಾಲಿನ ದೆಸೆಯಿಂದ ಈ ವರ್ಷ ಒಮ್ಮೆಯೂ ಬಂದಿರಲಿಲ್ಲ.

ಬನದ ಬಾಯಲ್ಲಿ ಊರೇ ನೆರೆದಿತ್ತು. ನಡುವೆ ಒಂದು ಹೊಸ ಕುರ್ಚಿ; ಅಗಲವಾದ ಕೈ, ಬೆನ್ನಿಗೆ ಕೆತ್ತಿದ ಬಳ್ಳಿ.

“ಕುಂದರ್ರಿ ಸಾಹೇಬ್ರ,” ಎಂದು ಮಾಯವ್ವ ತೋಳು ಹಿಡಿದು ಕೂರಿಸಿದಳು. “ನಿಮ್ಮ ಗಿಡದ್ದ ಐತಿ.”

“ಯಾವ ಗಿಡಾ, ಮಾಯವ್ವಾ?”

“ಹಳ್ಳದ ಬಾಜೂಕಿನ ದೊಡ್ಡ ನಂದಿ ಗಿಡ. ಬ್ಯಾಸಗಿ ಬಂದ್ರ ಅದರ ಬುಡಕ ತಾಸಗಟ್ಟಲೆ ನಿಂದರ್ತಿದ್ರೆಲ್ಲ? ಸಾಹೇಬ್ರಿಗೆ ಅದರ ಮ್ಯಾಲ ಭಾಳ ಜೀವ ಅಂತ ಊರಿಗೆಲ್ಲ ಗೊತ್ತೈತಿ. ಚಳಿಗಾಲದಾಗ ದೇವಿಗೆ ಕೇಳಿದ್ವಿ, ಬಲಗಡಿ ಹೂ ಬಿತ್ತು, ಗಿಡಾ ಕಡದು ಕುರ್ಚಿ ಮಾಡಿಸಿದ್ವಿ. ಖರೇ ಹೇಳ್ತೀನಿ, ಒಂದ ಚಕ್ಕಿನೂ ಯಾರೂ ಮನಿಗೆ ಒಯ್ದಿಲ್ಲ.”

ಶೀತಲ ಕುರ್ಚಿಯ ಕೈಯ ಮೇಲಿಂದ ತಮ್ಮ ಕೈ ಎತ್ತಿಕೊಂಡರು. ಆ ಮರದ ಪೊಟರೆಯಲ್ಲಿ ಪ್ರತಿ ಬೇಸಿಗೆ ಮಂಗಟ್ಟೆ ಹಕ್ಕಿ ಗೂಡು ಮಾಡುತ್ತಿತ್ತು. ಹೆಣ್ಣು ಒಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಳ್ಳುವುದು, ಉಳಿದ ಸಣ್ಣ ಸೀಳಿನಲ್ಲಿ ಗಂಡು ಹಣ್ಣು ತಂದು ಉಣಿಸುವುದು. ಅದನ್ನು ನೋಡಲೆಂದೇ ಅವರು ಅಲ್ಲಿ ನಿಲ್ಲುತ್ತಿದ್ದದ್ದು. ಮರಿ ಕದಿಯುವವರ ಕಿವಿಗೆ ಬಿದ್ದೀತೆಂದು ಗೂಡಿನ ಜಾಗ ಯಾರಿಗೂ ಹೇಳದಿರುವುದು ಅವರ ಕಸುಬಿನ ನೇಮ. “ಏನ ನೋಡ್ತೀರಿ?” ಎಂದು ಮಾಯವ್ವ ಕೇಳಿದಾಗಲೆಲ್ಲ “ಗಿಡಾ ಚಂದ ಐತಿ” ಎಂದು ಸಾಗಹಾಕಿದ್ದರು.

ಈಗ, ಅದೇ ಮರದ ಕುರ್ಚಿಯಲ್ಲಿ ಕುಳಿತು, ಎಲ್ಲ ಹೇಳಿದರು.

“ಅದಕ್ಕ ಈ ವರ್ಷ ಆ ಜೋಡಿ ಹಳ್ಳದ ಮ್ಯಾಲ ಸುತ್ತಿ ಸುತ್ತಿ ಹೋತು,” ಎಂದು ಮಾಯವ್ವ ಅವರ ಕಾಲ ಬಳಿ ಕುಸಿದು ಕುಳಿತಳು. ಕಣ್ಣೊರೆಸಿಕೊಂಡಳು. “ಇಷ್ಟ ವರ್ಷ ನಮಗ ಯಾಕ ಹೇಳಲಿಲ್ಲ? ನಾವೇನ ಕಳ್ಳರೇನ್ರಿ?”

ಇಡೀ ಬನವನ್ನು ಈ ಊರಿನವರ ಕೈಗೆ ಒಪ್ಪಿಸಿದ್ದೇನೆಂದು ಹೇಳಿಕೊಂಡು ತಿರುಗಿದ ಶೀತಲ ಒಂದೇ ಒಂದು ಪೊಟರೆಯನ್ನೂ ಒಪ್ಪಿಸಿರಲಿಲ್ಲ. ಕುರ್ಚಿ ನೋಯುವ ಸೊಂಟಕ್ಕೆ ಹೇಳಿ ಮಾಡಿಸಿದಂತಿತ್ತು. ಅದೇ ಅವರಿಗೆ ಹೆಚ್ಚು ಸಂಕಟವಾಯಿತು. ಅಲ್ಲೇ ಕಣ್ಣು ಮುಚ್ಚಿಬಿಡೋಣ ಎನ್ನುವಷ್ಟು ದಣಿವು. ದೂರದಲ್ಲಿ ಬೆಳಗಾವಿಗೆ ಕರೆದೊಯ್ಯುವ ಕಾರು ಕಾದು ನಿಂತಿತ್ತು.

ಕುರ್ಚಿಯ ಕೈಯೂರಿ ಎದ್ದರು. ಮೊಣಕಾಲು ಚುಳ್ಳೆಂದಿತು.

“ಒಳಗ ಇನ್ನೂ ಎರಡ ಗಿಡದಾಗ ವರ್ಷಾ ವರ್ಷಾ ಗೂಡ ಮಾಡ್ತಾವ. ಮರಿ ಹೊರಗ ಬರೂ ದಿನಾ ಇನ್ನೂ ಆಗಿಲ್ಲ. ನಡೀರಿ, ತೋರಸ್ತೀನಿ.”

“ಯಾರ ಬರಬೇಕ್ರಿ?” ಮಾಯವ್ವ ಕೇಳಿದಳು.

“ಎಲ್ಲಾರೂ ಬರ್ರಿ.”