ನಲವತ್ತೊಂದು ಫ್ರೇಮು

೧೯೮೪ರ ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಸ್ಯಾನ್ ಹೊಸೆಯ ಬಾಡಿಗೆ ಥಿಯೇಟರಿನ ಪರದೆಯ ಮೇಲೆ ನಾಯಕ ಕತ್ತಿಯನ್ನು ಒರೆಗೆ ಸೇರಿಸಿದ. ಕತ್ತಿಗಳು ತಾಗಿದ ಸದ್ದು ಆಮೇಲೆ ಕೇಳಿಸಿತು. ತಪ್ಪು ನನ್ನದೆಂದು ತೀರ್ಮಾನವಾಯಿತು.

ಚಿತ್ರ ಮೂಕಿ ಚಿತ್ರಗಳ ಕೊನೆಗಾಲದ್ದು. ಕಡಲ್ಗಳ್ಳರು, ಬಂಧನದಲ್ಲಿರುವ ಶ್ರೀಮಂತರ ಮಗಳು, ಹಗ್ಗ ಹಿಡಿದು ಹಡಗಿನಿಂದ ಹಡಗಿಗೆ ಹಾರುವ ಪ್ರೇಮಿ. ಯಾರೂ ಮಾತಾಡುವುದಿಲ್ಲ. ಸಂಗೀತ, ಕತ್ತಿ, ಫಿರಂಗಿಯ ಸದ್ದೆಲ್ಲ ಬೇರೆ ಗ್ರಾಮಫೋನ್ ತಟ್ಟೆಗಳಲ್ಲಿತ್ತು, ರೀಲಿಗೊಂದು ತಟ್ಟೆ. ಫಿಲ್ಮಿನ ಮೊದಲ ಫ್ರೇಮು, ತಟ್ಟೆಯ ಬಾಣದ ಗುರುತು ಎರಡೂ ಒಟ್ಟಿಗೆ ಹೊರಡಬೇಕು. ನಮ್ಮ ಕನ್ನಡ ಬಳಗ ವರ್ಷಕ್ಕೊಮ್ಮೆ ಇಂಥದ್ದೊಂದು ತೋರಿಸುತ್ತಿತ್ತು. ಕನ್ನಡ ಆಡದ ಮಕ್ಕಳೂ ಇಂಗ್ಲಿಷ್ ಬಾರದ ಅಜ್ಜಿಯರೂ ಜೊತೆಗೆ ಕೂತು ನೋಡಲು ಬೇರೆ ಯಾವ ಚಿತ್ರವೂ ಇರಲಿಲ್ಲ.

ಬಾಣದ ಗುರುತಿಗೆ ಸೂಜಿ ಇಡುವುದು ನನ್ನ ಕೆಲಸ. ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಏಳು ವರ್ಷ ಉಪಸಂಪಾದಕನಾಗಿದ್ದವನು ಗುರುತು ತಪ್ಪಿಸುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಪ್ರೊಜೆಕ್ಟರು ಮೈಸೂರಿನ ಇಂಜಿನಿಯರೊಬ್ಬರದು. ಫಾಸ್ಟರ್ ಸಿಟಿಯಿಂದ ಬರುತ್ತಿದ್ದರು. ಇಂಗ್ಲಿಷ್ ಬರಹ ಪರದೆಗೆ ಬಂದಾಗ ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದವರೂ ಅವರೇ, ಹಾಗಾಗಿ ಮೈಕೂ ಅವರ ಕೈಯಲ್ಲಿತ್ತು.

ಸದ್ದು ತಪ್ಪಿದ ನಾಲ್ಕನೇ ರೀಲು ಮುಗಿದೊಡನೆ ಮೈಕಿನಲ್ಲೇ ಹೇಳಿದರು: "ಕ್ಷಮಿಸ್ಬೇಕು. ನಮ್ಮ ಎಡಿಟರ್ ಸಾಹೇಬ್ರು ಹುಬ್ಬಳ್ಳಿ ಟೈಮಿಗೆ ಸೂಜಿ ಇಟ್ಟಿದಾರೆ."

ಥಿಯೇಟರ್ ತುಂಬ ನಗು. ನನ್ನ ಮಗಳೂ ನಕ್ಕಳು. ಮುಂದಿನ ಮೀಟಿಂಗಿನಲ್ಲಿ ಬಳಗದವರು ಪ್ರೊಜೆಕ್ಟರ್ ಕೋಣೆಯ ಕೀ ಕೊಡಿ ಎಂದರು. ಕೊಟ್ಟೆ.

ಆದರೆ ಚಿತ್ರ ಮುಗಿದ ಸಂಜೆಯೇ ಆ ಕೋಣೆ ಗುಡಿಸಿದವನು ನಾನು. ಕಸದ ಬುಟ್ಟಿಯಲ್ಲಿ ಫಿಲ್ಮಿನ ತುಂಡೊಂದು ಸಿಕ್ಕಿತ್ತು. ಬೆಳಕಿಗೆ ಹಿಡಿದು ಎಣಿಸಿದೆ: ನಲವತ್ತೊಂದು ಫ್ರೇಮು. ಬೆಳಿಗ್ಗೆ ಓಡಿಸಿ ನೋಡುವಾಗ ಫಿಲ್ಮು ಹರಿದಿರಬೇಕು. ಇಂಜಿನಿಯರು ಹರಿದ ಭಾಗ ಕತ್ತರಿಸಿ ಎರಡು ತುದಿ ಅಂಟಿಸಿದ್ದರು. ತಟ್ಟೆಯ ಸದ್ದನ್ನು ಕತ್ತರಿಸಲಾಗದು. ಆದ್ದರಿಂದ ಎಷ್ಟು ಫ್ರೇಮು ತೆಗೆದರೋ ಅಷ್ಟೇ ಕಪ್ಪು ಫ್ರೇಮು ಸೇರಿಸಬೇಕು. ಸೇರಿಸಿರಲಿಲ್ಲ. ಸೂಜಿಯ ತಪ್ಪಾಗಿದ್ದರೆ ರೀಲು ಮೊದಲಿನಿಂದಲೇ ತಪ್ಪುತ್ತಿತ್ತು. ಇದು ತಪ್ಪಿದ್ದು ಆರನೇ ನಿಮಿಷಕ್ಕೆ.

ಮೀಟಿಂಗಿನಲ್ಲಿದ್ದವರು ಒಂಬತ್ತು ಜನ. ಅಲ್ಲಿ ಬಾಯಿ ಬಿಡಲಿಲ್ಲ. ತಪ್ಪು ಯಾವ ಪುಟದಲ್ಲಿ ಅಚ್ಚಾಗಿತ್ತೋ ತಿದ್ದುಪಡಿಯೂ ಅದೇ ಪುಟದಲ್ಲಿ ಬರಬೇಕು, ಇದು ನಮ್ಮ ಪತ್ರಿಕೆಯ ಡೆಸ್ಕಿನ ನಿಯಮವಾಗಿತ್ತು. ತುಂಡನ್ನು ಲಕೋಟೆಗೆ ಹಾಕಿದೆ. ನಲವತ್ತೊಂದು ಕಪ್ಪು ಫ್ರೇಮಿನ ಪಟ್ಟಿಯೊಂದನ್ನೂ ತಯಾರು ಮಾಡಿಟ್ಟುಕೊಂಡೆ. ಮುಂದಿನ ವರ್ಷವೂ ಅದೇ ಚಿತ್ರ ತರಿಸೋಣ ಎಂದು ಸೂಚಿಸಿದವನು ನಾನೇ. ಹೋದ ಸಲ ಕೆಟ್ಟದ್ದನ್ನು ಸರಿಯಾಗಿ ನೋಡೋಣ ಎಂದೆ. ಎಲ್ಲರೂ ಒಪ್ಪಿದರು.

೧೯೮೫ರ ಅಕ್ಟೋಬರಿನಲ್ಲಿ ಚಿತ್ರದ ಒಡತಿಯೂ ಬಂದರು. ಎಮರಿವಿಲ್‌ನ ಮುದುಕಿ. ಆಕೆಯ ಗಂಡ ಮೂವತ್ತು ವರ್ಷ ಇಂಥ ರೀಲು, ತಟ್ಟೆಗಳನ್ನು ಕೂಡಿಹಾಕಿ ತೀರಿಕೊಂಡಿದ್ದ. ಶುರುವಾಗುವ ಮುನ್ನ ಇಂಜಿನಿಯರು ಮೆಟ್ಟಿಲ ಮೇಲೆ ಸಿಕ್ಕರು.

"ಏನ್ ಸಾರ್, ಸೂಜಿ ಈ ಸಲ ನಾನೇ ಇಡ್ತಿದೀನಿ. ಏನಾದ್ರೂ ಸಲಹೆ ಇದೆಯಾ?"

ಪಟ್ಟಿ ನನ್ನ ಕೋಟಿನ ಜೇಬಿನಲ್ಲಿತ್ತು. ಅಂಟಿಸಲು ಐದು ನಿಮಿಷ ಸಾಕಿತ್ತು.

"ಏನಿಲ್ರಿ. ನಿಮಗ ಗೊತ್ತಿಲ್ಲದ್ದು ಏನೈತಿ?" ಎಂದೆ.

ನಾಲ್ಕನೇ ರೀಲಿನ ಆರನೇ ನಿಮಿಷ ಬಂತು. ಕತ್ತಿ ಒರೆ ಸೇರಿದ ಮೇಲೆ ಖಣಿಲ್ ಎಂದಿತು. ಫಿರಂಗಿ ಹಾರಿದಾಗ ಸದ್ದಿಲ್ಲ. ಪ್ರೇಮಿಗಳು ಮುತ್ತಿಟ್ಟುಕೊಂಡಾಗ ಢಮಾರ್.

"ಅಯ್ಯೋ, ಮುತ್ತು ಕೊಟ್ರೆ ಫಿರಂಗಿ ಹಾರತ್ತಲ್ರೀ!" ಎಂದು ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಕೂಗಿದರು.

"ನಮ್ಮನೇಲೂ ಹಂಗೇ!" ಎಂದು ಅವರ ಗಂಡ.

ದೀಪ ಹಾಕಿದರು. ಕೋಣೆಗೆ ಹೋಗಿ, "ಮೈಕ್ ಕೊಡ್ರಿ," ಎಂದೆ. ಇಂಜಿನಿಯರ ಮುಖದಲ್ಲಿ ಬೆವರಿತ್ತು. ಕೊಟ್ಟರು. ಚೀಟಿಯಲ್ಲಿ ಬರೆದುಕೊಂಡಿದ್ದನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದಿದೆ: ನಾಲ್ಕನೇ ರೀಲು, ಆರನೇ ನಿಮಿಷ, ನಲವತ್ತೊಂದು ಫ್ರೇಮು ಕತ್ತರಿಸಲಾಗಿದೆ, ಕಪ್ಪು ಫ್ರೇಮು ಸೇರಿಸಿಲ್ಲ, ಕತ್ತರಿಸಿದವರು ಪ್ರೊಜೆಕ್ಟರ್ ನಡೆಸುವವರು, ಹೋದ ವರ್ಷದ ಸೂಜಿ ಸರಿಯಿತ್ತು. ಈ ಸಲ ಯಾರೂ ನಗಲಿಲ್ಲ. ಇಂಜಿನಿಯರು ಕೋಣೆಯ ಕೀಯನ್ನು ಮೇಜಿನ ಮೇಲಿಟ್ಟು ಕೆಳಗಿಳಿದು ಹೋದರು.

ಮುದುಕಿ ಮೆಟ್ಟಿಲು ಹತ್ತಿ ಬಂದರು. ಲಕೋಟೆ ಕೊಟ್ಟೆ. ಈಗಲೇ ಸರಿಮಾಡುತ್ತೇನೆ ಎಂದು ಕಪ್ಪು ಪಟ್ಟಿಯನ್ನೂ ತೆಗೆದು ತೋರಿಸಿದೆ. ಆಕೆ ಅದನ್ನು ನೋಡಿದರು.

"ಇದು ಯಾವಾಗಿನಿಂದ ನಿಮ್ಮ ಹತ್ತಿರ ಇದೆ?"

"ಒಂದು ವರ್ಷದಿಂದ."

ಉಳಿದ ರೀಲುಗಳನ್ನು ಹಾಕಲು ಆಕೆ ಬಿಡಲಿಲ್ಲ. ಡಬ್ಬಿಗಳನ್ನೂ ತಟ್ಟೆಗಳನ್ನೂ ಕಾರಿಗೆ ಹಾಕಿಸಿಕೊಂಡು ಹೊರಟರು. ಕೀ ನನ್ನ ಕೈಗೆ ಬಂತು. ೧೯೮೬ರಲ್ಲೂ ೧೯೮೭ರಲ್ಲೂ ಬಳಗದಿಂದ ಚಿತ್ರ ಕೇಳಿ ಪತ್ರ ಬರೆದೆವು. ಎರಡಕ್ಕೂ ಉತ್ತರ ಬಂದಿಲ್ಲ.