ಕೇಬಲ್ ಕಾರು ಟ್ರ್ಯಾಮಲ್ಲ

ಬೆಳಿಗ್ಗೆ ಆಕ್ಲೆಂಡಿನ ಪೆನ್‌ರೋಸ್ ಸ್ಟೇಷನ್ನಿನಲ್ಲಿ ರೈಲು ಕಿರ್ರೆಂದು ನಿಂತಾಗ ಕಾದ ಬ್ರೇಕಿನ ವಾಸನೆ ಮೂಗಿಗೆ ಬಡಿಯಿತು. ನೀವಾಗಿದ್ದರೆ ಮುಖ ತಿರುಗಿಸುತ್ತಿದ್ದಿರಿ. ನನಗೋ, ಇದೇ ವಾಸನೆಯ ಟ್ರ್ಯಾಮುಗಳಲ್ಲಿ ನನ್ನ ಜೊತೆ ಸುತ್ತಿದ ಸೋಮು ಮಾವ ಬಂದು ಪಕ್ಕದಲ್ಲಿ ಕೂತಂತಾಯಿತು.

ಸೋಮು ಮಾವ ಅಮ್ಮನ ತಮ್ಮ. ಮೈಸೂರಿನಲ್ಲಿ ಮೇಷ್ಟರಾಗಿದ್ದವರು, ನನ್ನನ್ನು ಚರ್ಚಾಸ್ಪರ್ಧೆಗೆ ಪಳಗಿಸಿದ ಗುರು. ಅವರ ಮನೆಯಲ್ಲಿ ಊಟವೆಂದರೆ ವಾದ. ಹುಳಿಗೆ ಉಪ್ಪು ಕಮ್ಮಿ ಎನ್ನಬೇಕಾದರೂ ಮೂರು ಕಾರಣ ಕೊಡಬೇಕು. ಅತ್ತೆ ಸೌಟು ಬಡಿದು “ಟೈಮ್ ಮುಗೀತು” ಎನ್ನುವವರೆಗೆ ಮೊಸರನ್ನವಿಲ್ಲ. ಆ ಅತ್ತೆ ತೀರಿಕೊಂಡ ಮೇಲೆ ಮಾವ ಎಲ್ಲದಕ್ಕೂ ಒಪ್ಪಿಕೊಳ್ಳತೊಡಗಿದರು. ನೆಂಟರೆಲ್ಲ “ಪರವಾಗಿಲ್ಲ, ಶಾಂತವಾಗಿದಾರೆ” ಎಂದರು. ನನಗೆ ದಿಗಿಲು.

ನಾನಿರುವ ಆಕ್ಲೆಂಡಿಗೆ ಅವರನ್ನು ಕರೆಸಿಕೊಂಡೆ. ಹಿಂದೊಮ್ಮೆ ಫೋನಿನಲ್ಲಿ “ಟ್ರ್ಯಾಮ್ ಹಳಿ ಕಿತ್ತ ನಿಮ್ಮೂರಿಗೆ ಬುದ್ಧಿ ಇಲ್ಲ ಕಣೋ” ಎಂದು ಗಂಟೆಗಟ್ಟಲೆ ಕಚ್ಚಾಡಿದ್ದರು. ಸರಿ, ಈ ದೇಶದಲ್ಲಿ ಉಳಿದ ಟ್ರ್ಯಾಮುಗಳನ್ನು ತೋರಿಸಿ ಕೆಣಕೋಣ ಎಂದುಕೊಂಡೆ. ನನಗೆ ಗೊತ್ತಿದ್ದ ಔಷಧ ಅದೊಂದೇ.

ಆಕ್ಲೆಂಡಿನಲ್ಲಿ ವಸ್ತುಸಂಗ್ರಹಾಲಯದಿಂದ ಮೃಗಾಲಯಕ್ಕೆ ಹೋಗುವ ಟ್ರ್ಯಾಮ್ ಹತ್ತಿದೆವು. “ಆನೆ ನೋಡೋರನ್ನ ಸಾಗಿಸೋದು ಸಾರಿಗೆನಾ ಮಾವ, ಆಟಿಕೆನಾ?”

“ಆಟಿಕೇನೇ ಬಿಡು ಮರಿ.”

ಕ್ರೈಸ್ಟ್‌ಚರ್ಚಿನಲ್ಲಿ ಭೂಕಂಪದಿಂದ ಖಾಲಿಯಾದ ನಿವೇಶನಗಳ ನಡುವೆ ಟ್ರ್ಯಾಮ್ ಮತ್ತೆ ಓಡತೊಡಗಿತ್ತು. “ಕಟ್ಟಡಗಳೇ ಎದ್ದಿಲ್ಲ, ಇದು ಬೇಕಿತ್ತಾ?” ಎಂದೆ. ಮಾವ ಬಯಲನ್ನು ನೋಡುತ್ತ, “ಬೇಕಿರ್ಲಿಲ್ಲ. ನೀನು ಹೇಳೋದೇ ಸರಿ” ಎಂದರು. ನಾನು ಹೂಡಿದ್ದು ಸುಳ್ಳು ವಾದ. ಆ ಟ್ರ್ಯಾಮ್ ನನಗೆ ಬಹಳ ಹಿಡಿಸಿತ್ತು.

ವೆಲಿಂಗ್ಟನ್ ತಲುಪುವ ಹೊತ್ತಿಗೆ ಕೆಣಕುವ ಉಮೇದೂ ಉಳಿದಿರಲಿಲ್ಲ. ಗುಡ್ಡ ಹತ್ತುವ ಕೆಂಪು ಕೇಬಲ್ ಕಾರಿನಲ್ಲಿ ಕೂತು ಸುಮ್ಮನೆ, “ಇದು ಮೂರನೇ ಟ್ರ್ಯಾಮು” ಎಂದೆ.

“ಯಾವನೋ ಇದನ್ನ ಟ್ರ್ಯಾಮ್ ಅಂದೋನು?”

ತಿರುಗಿ ನೋಡಿದೆ. ಮಾವನ ತೋರುಬೆರಳು ಎದ್ದಿತ್ತು.

“ಹಳಿ ಇದೆಯಲ್ಲ ಮಾವ?”

“ಬ್ಯಾಂಕಿನ ಗೇಟಿಗೂ ಹಳಿ ಇರತ್ತೆ! ಹಗ್ಗ ಕಟ್ಟಿ ಎಳೆದಿದ್ದೆಲ್ಲ ಟ್ರ್ಯಾಮಾದ್ರೆ ಬಾವಿಗೆ ಬಿಡೋ ಕೊಡಪಾನಾನೂ ಟ್ರ್ಯಾಮೇ. ಇದನ್ನೇನೋ ನಾನು ನಿಂಗೆ ಕಲಿಸಿದ್ದು?”

ಎದುರು ಕೂತಿದ್ದ ಈ ದೇಶದ ಅಜ್ಜಿಯೊಬ್ಬರು ಗಾಬರಿಯಿಂದ “ಏನಾದರೂ ತೊಂದರೆಯೇ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ತೊಂದರೆ ಈಗಷ್ಟೇ ಮುಗಿಯಿತು ಎಂದು ಅವರಿಗೆ ಹೇಗೆ ಹೇಳಲಿ? ವಾದ ತೀರದೆ ಎರಡು ಸಲ ಹತ್ತಿ ಎರಡು ಸಲ ಇಳಿದೆವು. ಸೋತೆ. ಮೊದಲ ಬಾರಿಗೆ ಸೋತು ಹಗುರಾದೆ. ಈ ದೇಶದಲ್ಲಿ ಟ್ರ್ಯಾಮುಗಳಿರುವ ಇನ್ನೊಂದು ಊರಿಗೆ ಹೋಗಬೇಕೆಂದು ಮಾವನೇ ಹಟ ಹಿಡಿದರು.

ಇವತ್ತು ರೈಲಿಳಿದು ಆಫೀಸಿಗೆ ಹೋದರೆ, ದಿನಾ ನನ್ನೊಡನೆ ಜಗಳ ಕಾಯುವ ನವೀನ ಮೊದಲ ಮಾತಿಗೇ “ಆಯ್ತು, ನೀನು ಹೇಳಿದ ಹಾಗೇ ಮಾಡೋಣ” ಎಂದುಬಿಟ್ಟ. ಹಿಂದಾದರೆ ಗೆದ್ದೆನೆಂದು ಬೀಗುತ್ತಿದ್ದೆ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ.

“ತಿಂಡಿ ತಿಂದ್ಯೇನೋ? ಮನೇಲಿ ಎಲ್ಲ ಹೇಗಿದಾರೆ?”